ನೂರರ ಮೇಲಿನ ಹೆಸರುಗಳು

ಹಸೈನಾರನ ಬಕಾಲಕ್ಕೆ ಫೋನು ಬಂತೆಂದರೆ ಅದು ಇಡೀ ಕಟ್ಟಡಕ್ಕೇ ಬಂದ ಹಾಗೆ. ಕುವೈತಿನ ಅಬ್ಬಾಸಿಯಾದ ಆ ಹಳದಿ ಕಟ್ಟಡದಲ್ಲಿ ಬೇರೆ ಯಾರ ಮನೆಯಲ್ಲೂ ಫೋನು ಇರಲಿಲ್ಲ. ಅಕ್ಕಿ, ಒಣಮೀನು, ಕುಬ್ಬೂಸು ರೊಟ್ಟಿ ಸಿಗುವ ಆ ಕೆಳಮಹಡಿಯ ಅಂಗಡಿಯಲ್ಲೇ ಊರಿನ ಹೆರಿಗೆ, ಮದುವೆ, ಸಾವುಗಳ ಸುದ್ದಿಯೂ ಸಿಗುತ್ತಿತ್ತು. ಹಸೈನಾರ್ ಉಪ್ಪಿನಂಗಡಿ ಕಡೆಯ ಬ್ಯಾರಿ. ದೇವರು ಅವನಿಗೆ ಗಂಟಲು ಕೊಡುವಾಗ ಸ್ವಲ್ಪ ಕೈ ಜಾರಿಸಿದ್ದ. ಅವನು ಬೀದಿಗೆ ಬಂದು ಮೇಲೆ ಮುಖ ಮಾಡಿ, ಊರಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆಯೇ, "ಪೊರ್ಬುಗಳೇ! ಕೆನಡಾ!" ಎಂದು ಕೂಗಿದರೆ ಮೂರನೆಯ ಮಹಡಿಯ ಪಾಯಸನಿಗೆ ಮಾತ್ರವಲ್ಲ, ಪಕ್ಕದ ಬೀದಿಯ ಮಲೆಯಾಳಿಗಳಿಗೂ ಇವನ ಅಣ್ಣನ ಫೋನು ಬಂದದ್ದು ಗೊತ್ತಾಗುತ್ತಿತ್ತು.

ಆ ಶುಕ್ರವಾರ, ವಾರದ ರಜೆಯ ದಿನ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಅಂಗಿ ಕಳಚುತ್ತಿದ್ದ ಪಾಯಸ್ ಮತ್ತೆ ಗುಂಡಿ ಹಾಕಿಕೊಳ್ಳುತ್ತ ಮೆಟ್ಟಿಲಿಳಿದ. ಅಣ್ಣ ನೊರ್ಬರ್ಟ್ ಟೊರಾಂಟೊ ಹತ್ತಿರದ ಊರಲ್ಲಿ ಅಂಚೆ ಇಲಾಖೆಯ ನೌಕರ. ತಿಂಗಳಿಗೊಮ್ಮೆ ಫೋನು ಮಾಡಿ, ನಿಮ್ಮ ಕಾಗದಪತ್ರ ಎಲ್ಲಿಯವರೆಗೆ ಬಂತು ಎಂದು ಕೇಳುವುದು ರೂಢಿ. ಪಾಯಸನ ಸಂಸಾರವನ್ನು ಕೆನಡಾಕ್ಕೆ ಕರೆಸಿಕೊಳ್ಳಲು ಜವಾಬ್ದಾರಿ ಹೊತ್ತು ಸಹಿ ಹಾಕಿದವನು ಅವನೇ. ಆದರೆ ಆ ದಿನ ನೊರ್ಬರ್ಟನ ದನಿಯಲ್ಲಿ ಯಾವಾಗಿನ ಗತ್ತು ಇರಲಿಲ್ಲ.

"ಪಾಯಸ್, ನಿನಗೆ ಎಂಬಸಿಯಿಂದ ಒಂದು ಕಾಗದ ಬರ್ತದೆ. ಹೆದರ್ಬೇಡ. ನೀನು ಇಲೆಕ್ಷನಿಗೆ ದುಡ್ಡು ಕೊಟ್ಟಿದ್ದೀಯಾ ಅಂತ ಕೇಳ್ತಾರೆ. ಕೊಟ್ಟಿದ್ದೇನೆ ಅಂತ ಹೇಳು."

"ಯಾವ ಇಲೆಕ್ಷನಿಗೆ?"

"ನಮ್ಮ ಇಲೆಕ್ಷನಿಗೆ ಮಾರಾಯ. ಕೆನಡಾದ್ದು."

ಕುವೈತಿನಲ್ಲಿದ್ದವನು ಮಂಗಳೂರಿನ ಓಟನ್ನೇ ಹಾಕದೆ ಹನ್ನೆರಡು ವರ್ಷವಾಗಿತ್ತು. ಅಂಥವನು ಕೆನಡಾದ ಚುನಾವಣೆಗೆ ದುಡ್ಡು ಕೊಟ್ಟದ್ದು ಯಾವಾಗ? ಪಾಯಸ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ. ಆಮೇಲೆ ನೊರ್ಬರ್ಟ್ ತೊದಲುತ್ತ, ನಡುನಡುವೆ ಸಿಟ್ಟಾಗುತ್ತ ಹೇಳಿದ್ದನ್ನು ನಾನು ನೆಟ್ಟಗೆ ಹೇಳಿಬಿಡುತ್ತೇನೆ. ಅವನ ಹಾಗೆಯೇ ಹೇಳಿದರೆ ನಿಮಗೂ ಪಾಯಸನಷ್ಟೇ ಅರ್ಥವಾದೀತು.

ಹಿಂದಿನ ವರ್ಷ, ಎಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ, ಕೆನಡಾದ ಪಾರ್ಲಿಮೆಂಟಿಗೆ ಚುನಾವಣೆ ನಡೆದಿತ್ತು. ನೊರ್ಬರ್ಟನ ಕ್ಷೇತ್ರದಲ್ಲಿ ಪೆಂಬರ್ಟನ್ ಎಂಬ ವಕೀಲ ನಿಂತಿದ್ದ. ಈ ಪೆಂಬರ್ಟನ್ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಸಭಾಭವನಕ್ಕೆ ಬಂದು ನೊರ್ಬರ್ಟನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮವರೆಲ್ಲ ನನ್ನ ಜತೆ ಇದ್ದಾರೆ ಎಂದು ಪಕ್ಷದ ದೊಡ್ಡವರಿಗೆ ಗೊತ್ತಾಗಬೇಕು, ನಿಮ್ಮವರ ಹೆಸರುಗಳು ಬರಬೇಕು" ಅಂದ. ಅಷ್ಟು ಸಾಕಾಯಿತು. ಹದಿನಾಲ್ಕು ವರ್ಷ ಆ ದೇಶದಲ್ಲಿ ದುಡಿದವನ ಹೆಗಲ ಮೇಲೆ ಒಬ್ಬ ಬಿಳಿಯ ದೊಡ್ಡ ಮನುಷ್ಯ ಕೈಯಿಟ್ಟದ್ದು ಅದೇ ಮೊದಲು. ನೊರ್ಬರ್ಟ್ ಉಬ್ಬಿಹೋದ.

ನೂರು ಡಾಲರಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಅಭ್ಯರ್ಥಿ ಬಹಿರಂಗಪಡಿಸಬೇಕು ಎಂಬುದು ಆ ದೇಶದ ಕಾನೂನು. ಅಲ್ಲಿಯ ಜಾಣರು ಹೆಸರು ಹೊರಗೆ ಬರಬಾರದೆಂದು ನೂರರೊಳಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನೊರ್ಬರ್ಟ್ ಹೆಸರು ಹೊರಗೆ ಬರಲೇಬೇಕೆಂದು ತಲಾ ನೂರಿಪ್ಪತ್ತು ಕೊಟ್ಟ! ತನ್ನ ಹೆಸರಲ್ಲಿ, ಹೆಂಡತಿಯ ಹೆಸರಲ್ಲಿ, ಅತ್ತೆಯ ಹೆಸರಲ್ಲಿ, ಕುವೈತಿನ ತಮ್ಮನ ಹೆಸರಲ್ಲಿ. ದುಡ್ಡೆಲ್ಲ ಅವನದೇ, ಓವರ್‌ಟೈಮಿನ ದುಡ್ಡು.

ನಗಬೇಡಿ. ಅವನು ಕಲಿತದ್ದೇ ಹಾಗೆ. ಊರಿನ ಇಗರ್ಜಿಯ ಹಬ್ಬಕ್ಕೆ ವಂತಿಗೆ ಎತ್ತುವಾಗ ಐವತ್ತು ರೂಪಾಯಿಗಿಂತ ಮೇಲೆ ಕೊಟ್ಟವರ ಹೆಸರು ಹಬ್ಬದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರುತ್ತಿತ್ತು. ಅವರ ತಾಯಿ ಕಾರ್ಮಿನ್ ಬಾಯಿ, ಮಕ್ಕಳಿಗೆ ಮಾಂಯ್, ಮೊಟ್ಟೆ ಮಾರಿ, ಮಲ್ಲಿಗೆ ಮಾರಿ, ಕೂಡಿಟ್ಟದ್ದನ್ನು ಭಾಗ ಮಾಡಿ ಮನೆಯ ಒಬ್ಬೊಬ್ಬರ ಹೆಸರಲ್ಲೂ ಕೊಡುತ್ತಿದ್ದಳು. ಆಗ ಬೊಂಬಾಯಿಯಲ್ಲಿದ್ದ ದೊಡ್ಡ ಮಗನ ಹೆಸರಲ್ಲಿ, ತೀರಿಹೋದ ಗಂಡನ ಹೆಸರಲ್ಲಿ ಕೂಡ. "ಇಲ್ಲದವರನ್ನು ಬಿಟ್ಟು ಕೊಟ್ಟರೆ ಅದು ಮನೆಯವರು ಕೊಟ್ಟ ಹಾಗಾ?" ಎನ್ನುತ್ತಿದ್ದಳು. ಪಾದ್ರಿಗಳು ಎಂದೂ ಇದು ಯಾರ ದುಡ್ಡು ಎಂದು ಕೇಳಿದವರಲ್ಲ. ಕೇಳಿದ್ದರೆ ಊರಿನ ಅರ್ಧ ಇಗರ್ಜಿಗಳಿಗೆ ಮಾಡು ಇರುತ್ತಿರಲಿಲ್ಲ.

ಆದರೆ ಕೆನಡಾದ ಕಾನೂನು ಕೇಳುತ್ತದೆ. ಕೊಟ್ಟವನು ತನ್ನ ಸ್ವಂತ ದುಡ್ಡನ್ನೇ ಕೊಟ್ಟಿರಬೇಕು. ಇನ್ನೊಬ್ಬನ ಹೆಸರಲ್ಲಿ ಕೊಡುವುದು ಅಪರಾಧ. ಪೆಂಬರ್ಟನ್ ಕೂದಲೆಳೆಯಲ್ಲಿ ಗೆದ್ದ. ಸೋತವರು ಬಿಡುತ್ತಾರೆಯೇ? ಖರ್ಚಿನ ಮಿತಿ ಮೀರಿದ್ದಾನೆ, ಅಚ್ಚಿನ ಖರ್ಚು ಮುಚ್ಚಿಟ್ಟಿದ್ದಾನೆ ಎಂದು ದೂರು ಕೊಟ್ಟರು. ವಿಚಾರಣೆಯವರು ಖರ್ಚು ಹುಡುಕಲು ಹೋಗಿ ದಾನಿಗಳನ್ನು ಹಿಡಿದರು. ಪೆಂಬರ್ಟನ್, "ನನಗೇನೂ ತಿಳಿಯದು, ಆ ಹೆಸರುಗಳನ್ನೆಲ್ಲ ತಂದವನು ನೊರ್ಬರ್ಟ್" ಎಂದು ಹೆಗಲಿನಿಂದ ಕೈ ತೆಗೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಅಷ್ಟು ತಣ್ಣಗಿನ ದೇಶದಲ್ಲೂ ಅದೇ ವೈದ್ಯ.

"ನನ್ನದು ಸರಕಾರಿ ಕೆಲಸ, ಗೊತ್ತುಂಟಲ್ಲ?" ನೊರ್ಬರ್ಟನ ದನಿ ಒಡೆಯಿತು. "ಕೇಸಾದ್ರೆ ಕೆಲಸ ಹೋಗ್ತದೆ. ಕೆಲಸ ಹೋದ್ರೆ ನಿಮಗೆ ಹಾಕಿದ ಸಹಿಗೂ ಬೆಲೆ ಇಲ್ಲ. ಹೋದ ವರ್ಷ ಚಿಕ್ಕಪ್ಪನ ಮಗ ಸ್ಟೀವನನ ಮದುವೆಗೆ ನಾವಿಬ್ರೂ ಊರಿಗೆ ಬಂದಿದ್ದೆವಲ್ಲ, ಆಗ ಕೈಯಲ್ಲೇ ಕೊಟ್ಟೆ ಅಂತ ಹೇಳು. ಒಂದು ಮಾತು. ಅಷ್ಟೇ."

ಪಾಯಸ್ "ಆಯ್ತು ಅಣ್ಣ" ಅಂದ. ಅಣ್ಣನಿಗೆ ಅವನು ಹುಟ್ಟಿದಂದಿನಿಂದ ಹೇಳಿದ್ದು ಅದನ್ನೇ.

ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಪಟ್ಟಣದ ಮಿರ್ಕಾಬಿನಲ್ಲಿ ಅವನು ಸ್ಟೋರ್‌ಕೀಪರಾಗಿದ್ದ ಕಂಟ್ರಾಕ್ಟರ್ ಕಂಪೆನಿ ಕೊನೆಯುಸಿರು ಎಳೆಯುತ್ತಿತ್ತು. ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಕುವೈತಿ ಧಣಿ, ಅಬೂ ನಾಸಿರ್ ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರಿಗೂ ಶೇರಿನ ಹುಚ್ಚು ಹಿಡಿಯುತ್ತದೆ. ಮನಾಖ್ ಶೇರು ಬಜಾರು ಕುಸಿದಾಗ ಅವನ ಲಾರಿಗಳು, ಕ್ರೇನುಗಳು ಒಂದೊಂದಾಗಿ ಹೋದವು. ಮೊನ್ನೆ ಪಾಯಸನನ್ನು ಕರೆದು ಚಹಾ ಕೊಟ್ಟು, ಅಂಗೈ ಎರಡನ್ನೂ ಒಂದಕ್ಕೊಂದು ಒರೆಸಿ, "ಖಲಾಸ್, ಪಾಯಸ್" ಎಂದಿದ್ದ. ರಮಜಾನ್ ಮುಗಿದ ಮೇಲೆ ಇಕಾಮಾ, ಅಲ್ಲಿ ಇರುವ ಪರವಾನಗಿ, ಹೊಸತು ಮಾಡುವುದಿಲ್ಲ. ಇಕಾಮಾ ಇಲ್ಲದವನಿಗೆ ಕುವೈತಿನಲ್ಲಿ ನಿಲ್ಲಲು ನೆಲವಿಲ್ಲ. ಊರಿಗೆ ಹೋದರೆ ನಲವತ್ತೇಳರ ಸ್ಟೋರ್‌ಕೀಪರನಿಗೆ ಕೆಲಸ ಕೊಡುವವರು ಯಾರು? ಉಳಿದದ್ದು ಕೆನಡಾ. ಅರ್ಜಿ, ಸಂದರ್ಶನ, ಎಕ್ಸ್‌ರೇ ಎಲ್ಲ ಮುಗಿದು ವೀಸಾದ ಠಸ್ಸೆಯೊಂದೇ ಬಾಕಿ ಇತ್ತು.

ಹೆಂಡತಿ ರೋಸಲಿನ್ ಅನ್ನ ಬಸಿಯುತ್ತ ಎಲ್ಲ ಕೇಳಿಸಿಕೊಂಡಳು. ಅವಳದು ಒಂದೇಟಿಗೆ ಎರಡು ತುಂಡು ಸ್ವಭಾವ.

"ಭಾವ ನಮಗೋಸ್ಕರ ಸಹಿ ಹಾಕ್ಲಿಲ್ವಾ? ನಿಮಗೆ ಒಂದು ಮಾತು ಹೇಳ್ಲಿಕ್ಕೆ ಎಂತ ಕಷ್ಟ?"

"ಅದು ಸುಳ್ಳು ಅಲ್ವಾ ರೋಸಿ. ಬೈಬಲ್ ಮುಟ್ಟಿಸ್ತಾರೆ."

"ಕುಂಪ್ಸಾರಕ್ಕೆ ಹೋಗಿ ಪಾಪ ಹೇಳಿಕೊಂಡ್ರಾಯ್ತು. ಪಾದ್ರಿಗಳಿಗೆ ದಿನಾ ಒಂದೇ ತರದ ಪಾಪ ಕೇಳಿ ಬೇಜಾರಾಗಿರ್ತದೆ."

ಹದಿಮೂರರ ಮಗಳು ಐವಿ ಪುಸ್ತಕದಿಂದ ತಲೆಯೆತ್ತಿ, "ಪಪ್ಪಾ, ಆರ್ ವಿ ಸ್ಟಿಲ್ ಗೋಯಿಂಗ್?" ಎಂದಳು. ಶಾಲೆಯಲ್ಲಿ ಗೆಳತಿಯರಿಗೆಲ್ಲ ಹೇಳಿ ಮುಗಿಸಿದ್ದಳು. ಪಾಯಸ್, "ಹೋಗ್ತೇವೆ ಮಗಾ, ಹೋಗದೆ ಎಂತ" ಅಂದ.

ಕಾಗದ ಬಂತು. ಬುಧವಾರ ಬೆಳಿಗ್ಗೆ ಹಾಜರಾಗಬೇಕು. ಆ ಬುಧವಾರ ಪಾಯಸ್ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು, ಸಾಲು ಉದ್ದವಾದೀತೆಂದು ಬೆಳಕು ಹರಿಯುವಾಗಲೇ ಬಸ್ಸು ಹತ್ತಿದ. ಹಸೈನಾರನ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ.

ರಾಯಭಾರ ಕಚೇರಿಯಲ್ಲಿ ಅವನನ್ನು ವೀಸಾದವರ ಸಾಲಿನಿಂದ ಎಬ್ಬಿಸಿ ಒಳಗಿನ ಕೋಣೆಗೆ ಕರೆದೊಯ್ದರು. ಮೇಜಿನಾಚೆ ಕೂತಿದ್ದವರು ನರೆಗೂದಲಿನ ಒಬ್ಬ ಹೆಂಗಸು. ಒಂದು ಲೋಟ ನೀರು ಕೊಟ್ಟು, ಇಷ್ಟು ಬೇಗ ಬರಬೇಕಾದದ್ದಕ್ಕೆ ಕ್ಷಮೆ ಕೇಳಿದರು. ಬೈದಿದ್ದರೆ ಸುಳ್ಳು ಹೇಳುವುದು ಸುಲಭವಾಗುತ್ತಿತ್ತೇನೋ. ಬೈಬಲ್ ಮುಂದಿಟ್ಟರು. ಪಾಯಸ್ ಬಲಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು ಅದರ ಮೇಲಿಟ್ಟ.

ಚುನಾವಣೆಗೆ ನೂರಿಪ್ಪತ್ತು ಡಾಲರ್ ಕೊಟ್ಟಿದ್ದೀರಾ? ಕೊಟ್ಟಿದ್ದೇನೆ. ಅದು ನಿಮ್ಮ ಸ್ವಂತ ದುಡ್ಡೇ? ನನ್ನದೇ ಮೇಡಂ. ಹೇಗೆ ಕಳಿಸಿದಿರಿ? ಕಳಿಸಲಿಲ್ಲ, ಊರಿನಲ್ಲಿ ಮದುವೆಗೆ ಸೇರಿದಾಗ ಅಣ್ಣನ ಕೈಯಲ್ಲಿ ಕೊಟ್ಟೆ. ನೀವು ಇರುವುದು ಕುವೈತಿನಲ್ಲಿ, ಕೆನಡಾದ ಅಭ್ಯರ್ಥಿಗೆ ಯಾಕೆ ಕೊಟ್ಟಿರಿ? ಮುಂದೆ ನಾವೂ ಅಲ್ಲಿಯವರೇ ಆಗಬೇಕಲ್ಲ ಮೇಡಂ, ಅದಕ್ಕೆ.

ಕೊನೆಯ ಉತ್ತರ ತನಗೇ ಎಷ್ಟು ಚೆನ್ನಾಗಿ ಹೊಳೆಯಿತೆಂದು ಪಾಯಸನಿಗೆ ಆಶ್ಚರ್ಯವಾಯಿತು. ಆಕೆಯೂ ಮುಗುಳ್ನಕ್ಕರು. ಒಂದು ನಿಮಿಷ ಅವನಿಗೆ ಎಲ್ಲ ಮುಗಿಯಿತು, ಗೆದ್ದೆ ಎನಿಸಿತು. ಲೋಟದ ನೀರು ಕುಡಿದ.

ಆಕೆ ಹಾಳೆ ತಿರುವಿದರು. "ಇದೇ ವಿಳಾಸದಲ್ಲಿ ಇನ್ನೊಂದು ಹೆಸರಿದೆ. ಮಿಸೆಸ್ ಕಾರ್ಮಿನ್. ಇವರೂ ನೂರಿಪ್ಪತ್ತು ಕೊಟ್ಟಿದ್ದಾರೆ. ಇವರು ನಿಮಗೆ ಏನಾಗಬೇಕು?"

ಪಾಯಸನ ಕೈ ಲೋಟದ ಮೇಲೆಯೇ ನಿಂತಿತು.

ಅಣ್ಣ ಇದನ್ನು ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತೋ, ಗಡಿಬಿಡಿಯಲ್ಲಿ ಮರೆತನೋ. ಮಾಂಯ್ ತೀರಿಹೋಗಿ ಆರು ವರ್ಷವಾಗಿತ್ತು. ಮಣ್ಣಿಗೆ ಹೋಗುವ ದಿನ ಪಾಯಸನಿಗೆ ರಜೆ ಸಿಗದೆ, ತಿಂಗಳ ಪೂಜೆಗೆ ಊರಿಗೆ ಹೋಗಿ ಗೋರಿಯ ಮೇಲೆ ಮೇಣದ ಬತ್ತಿ ಹಚ್ಚಿ ಬಂದಿದ್ದ. ಮನೆಯವರೆಲ್ಲರ ಹೆಸರು ಬರೆಸಿ ಮಾಂಯ್ ಹೆಸರು ಬಿಡಲು ನೊರ್ಬರ್ಟನಿಗೆ ಮನಸ್ಸು ಬಂದಿರಲಿಕ್ಕಿಲ್ಲ. ಅಂಥ ದೇಶದ ದೊಡ್ಡ ಪುಸ್ತಕದಲ್ಲಿ ಮೊಟ್ಟೆ ಮಾರಿದ ಹೆಂಗಸಿನ ಹೆಸರು ಬರಲಿ ಎಂದಿರಬೇಕು. ಪಾಯಸನಿಗೆ ಅಣ್ಣನ ಮೇಲೆ ಕೆಂಡದಂಥ ಸಿಟ್ಟು ಬಂತು. ಅದರ ಹಿಂದೆಯೇ ಅಳು ಬಂತು.

"ನನ್ನ ತಾಯಿ."

"ನಿಮ್ಮ ಜತೆ ಇದ್ದಾರೆಯೇ?"

ಸತ್ತಿದ್ದಾಳೆ ಅಂದರೆ ಅಣ್ಣ ಮುಳುಗಿದ. ಇದ್ದಾಳೆ ಅಂದರೆ ಬೈಬಲಿನ ಮೇಲೆ ಕೈಯಿಟ್ಟು ಹೆತ್ತ ತಾಯಿಯನ್ನು ಗೋರಿಯಿಂದ ಎಬ್ಬಿಸಿದ ಹಾಗೆ. ಅತ್ತ ದರಿ, ಇತ್ತ ಪುಲಿ. ಯೋಚಿಸಲು ಯಾರೂ ಸಮಯ ಕೊಡಲಿಲ್ಲ. ಆಕೆ ಪೆನ್ನು ಹಿಡಿದು ಕಾಯುತ್ತಿದ್ದರು.

"ಇದ್ದಾರೆ ಮೇಡಂ. ಅವರೂ ಕೊಟ್ಟರು."

"ಒಂದು ದಿನ ಬಂದು ಸಹಿ ಹಾಕಲು ಅವರಿಗೆ ಆದೀತೇ?"

"ಈಗ ಊರಿಗೆ ಹೋಗಿದ್ದಾರೆ. ಹುಷಾರಿಲ್ಲ."

ಹೀಗೆ ಐದು ನಿಮಿಷದೊಳಗೆ ತಾಯಿಗೆ ಜೀವ ಕೊಟ್ಟು, ವಿಮಾನ ಹತ್ತಿಸಿ, ಕಾಯಿಲೆಯನ್ನೂ ಬರಿಸಿದ. ಆಕೆ ಬರೆದುಕೊಂಡರು. "ಬೇಗ ಗುಣವಾಗಲಿ" ಅಂದರು. ಪಾಯಸ್ ಥ್ಯಾಂಕ್ಯೂ ಹೇಳಿ, ತೋರಿಸಿದಲ್ಲೆಲ್ಲ ಸಹಿ ಹಾಕಿ ಹೊರಗೆ ಬಂದ.

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ನೆನಪಾಯಿತು. ಅದೇ ಕಟ್ಟಡದಲ್ಲಿ, ಅದೇ ಕಾರಿಡಾರಿನ ಇನ್ನೊಂದು ಕೋಣೆಯಲ್ಲಿ ಅವನ ವಲಸೆ ಅರ್ಜಿ ಇತ್ತು. ತಾಯಿ ಎಂಬಲ್ಲಿ 'ಮೃತ' ಎಂದು ಇವನೇ ತುಂಬಿದ್ದ. ಕೇಳದಿದ್ದರೂ ಇರಲಿ ಎಂದು ಮರಣಪತ್ರವನ್ನೂ ಲಗತ್ತಿಸಿದ್ದ. ಸ್ಟೋರ್‌ಕೀಪರನ ಬುದ್ಧಿ, ಒಂದು ಚೀಟಿ ಕಡಿಮೆ ಇರಬಾರದು. ಪಾಯಸ್ ಎದ್ದು ನಿಂತ. ಚಾಲಕ ಕನ್ನಡಿಯಲ್ಲಿ ನೋಡಿ, "ಉಗಉದ್, ಉಗಉದ್" ಎಂದು ಗದರಿ ಕೂರಲು ಕೈಸನ್ನೆ ಮಾಡಿದ. ಕೂತುಕೊಂಡ. ತಿರುಗಿ ಹೋಗಿ ಏನೆಂದು ಹೇಳುವುದು? ಮೇಡಂ, ನನ್ನ ತಾಯಿ ಈಗ ತೀರಿಕೊಂಡರು ಎಂದೇ? ನಿಜ ಹೇಳಿದರೆ ಬೆಳಿಗ್ಗೆಯ ಆಣೆ ಸುಳ್ಳಾಗುತ್ತದೆ, ಸುಮ್ಮನಿದ್ದರೆ ಅರ್ಜಿ ಸುಳ್ಳಾಗುತ್ತದೆ. ಕಿಟಕಿಯಿಂದ ಬರುತ್ತಿದ್ದ ಬಿಸಿಗಾಳಿಗೆ ಮುಖವೊಡ್ಡಿ ಅಬ್ಬಾಸಿಯಾದವರೆಗೂ ಹಾಗೆಯೇ ಕೂತಿದ್ದ.

ಹಸೈನಾರ್ ಅಂಗಡಿಯಿಂದ ಓಡಿ ಬಂದ.

"ಎಲ್ಲಿಗೆ ಹೋದದ್ದು ಪೊರ್ಬುಗಳೇ, ಇಷ್ಟು ಬೆಳಿಗ್ಗೆ? ನಾನು ಬಾಗಿಲು ತೆಗೆದದ್ದೇ ತಡ, ನಿಮ್ಮ ಅಣ್ಣನ ಫೋನು. ಇವತ್ತು ಎಲ್ಲಿಗೂ ಹೋಗ್ಬೇಡ ಅಂತ ಹೇಳಿ ಅಂದ್ರು. ಮೇಲೆ ಓಡಿದೆ, ನೀವಿಲ್ಲ. ಸಂಜೆ ಪುನಃ ಮಾಡ್ತಾರಂತೆ."

"ಯಾಕಂತೆ?"

"ಅದು ಹೇಳ್ಲಿಲ್ಲ. ಖುಷಿಯಲ್ಲಿದ್ದ ಹಾಗಿತ್ತು."

ಮನೆಗೆ ಹೋಗಿ ಪಾಯಸ್ ಕೋಟು ಬಿಚ್ಚದೆ ಮಂಚದ ಮೇಲೆ ಕೂತು ರೋಸಲಿನ್‌ಗೆ ಎಲ್ಲವನ್ನೂ ಹೇಳಿದ. ಮಾಂಯ್ ವಿಷಯಕ್ಕೆ ಬಂದಾಗ ಅವಳು ಶಿಲುಬೆಯ ಗುರುತು ಹಾಕಿಕೊಂಡಳು. ಗಂಡನಿಗೆ ಊಟ ಬಡಿಸಿದಳು. ಅವನು ಉಣ್ಣಲಿಲ್ಲ. ಅವಳೂ ಉಣ್ಣಲಿಲ್ಲ.

ಸಂಜೆ ಫೋನು ಬಂತು. ಹಸೈನಾರ್ ಕೂಗಬೇಕಾಗಲಿಲ್ಲ, ಗಂಡ ಹೆಂಡತಿ ಇಬ್ಬರೂ ಮಗಳನ್ನು ಕರಕೊಂಡು ಅಂಗಡಿಯಲ್ಲೇ ಅಕ್ಕಿ ಮೂಟೆಗಳ ಪಕ್ಕ ಕಾಯುತ್ತಿದ್ದರು.

"ಪಾಯಸ್! ಎಲ್ಲ ಹೇಳಿಬಿಟ್ಟೆ ಮಾರಾಯ!" ನೊರ್ಬರ್ಟ್ ನಗುತ್ತಿದ್ದನೋ ಅಳುತ್ತಿದ್ದನೋ. "ನಿನ್ನೆ ಸಂಜೆ. ನಿನ್ನ ಹತ್ರ ಸುಳ್ಳು ಹೇಳಿಸ್ಲಿಕ್ಕೆ ನನಗೆ ಆಗ್ಲಿಲ್ಲ. ಒಂದು ವಾರ ನಿದ್ದೆ ಬರ್ಲಿಲ್ಲ. ಒಬ್ಬ ಒಳ್ಳೆ ವಕೀಲ ಸಿಕ್ಕಿದ. ಎಲ್ಲ ನನ್ನದೇ ದುಡ್ಡು, ಅವ್ರಿಗೆಲ್ಲ ಗೊತ್ತೇ ಇಲ್ಲ ಅಂತ ಬರೆದು ಕೊಟ್ಟೆ. ಮಾಂಯ್ ಹೆಸರು ಕೂಡ ಹಾಕಿದ್ದೆ, ನಿನಗೆ ಹೇಳ್ಲಿಲ್ಲ, ಬೈಬೇಡ. ನಮ್ಮಲ್ಲಿ ಹೀಗೆ ಕೊಡುವುದು ಅಂತ ಹೇಳಿದೆ. ಆ ಜನಕ್ಕೆ ಅರ್ಥ ಆಯ್ತು ಪಾಯಸ್! ದಂಡ ಹಾಕಿ ಬಿಡ್ತಾರಂತೆ. ಕೆಲಸಕ್ಕೆ ಏನೂ ಆಗುದಿಲ್ಲ."

ಪಾಯಸ್ ಕೇಳುತ್ತಿದ್ದ. ಫೋನಿನ ತಂತಿ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ನಿನ್ನ ಕಾಗದಕ್ಕೆ ತೊಂದರೆ ಇಲ್ವಾ ಅಂತ ಅದೊಂದೇ ಕೇಳಿದೆ. ತಮ್ಮ ನಿಜ ಹೇಳಿದ್ರೆ ಎಂತ ತೊಂದರೆ, ಅಂದ್ರು. ನೀನು ಎಂಬಸಿಗೆ ಹೋಗ್ಲಿಲ್ಲ ಅಲ್ವಾ? ಹಸೈನಾರ್ ಹೇಳಿದ್ನಲ್ಲ?"

ಪಾಯಸ್ ಹೆಂಡತಿಯ ಮುಖ ನೋಡಿದ. ಫೋನಿನಿಂದ ಹೊರಗೆ ಸಿಡಿಯುತ್ತಿದ್ದ ಆ ದೊಡ್ಡ ದನಿ ಅವಳಿಗೂ ಕೇಳಿಸಿತ್ತು. ಜೀವಮಾನದಲ್ಲಿ ಮೊದಲ ಸಲ ಅಣ್ಣ ತನಗಾಗಿ ತಲೆ ತಗ್ಗಿಸಿ ಬಂದಿದ್ದಾನೆ, ಒಂದು ವಾರದ ನಂತರ ಇವತ್ತು ನಿದ್ದೆ ಮಾಡುತ್ತಾನೆ.

"ಇಲ್ಲ ಅಣ್ಣ," ಅಂದ. "ಹೋಗ್ಲಿಲ್ಲ."

ಬೆಳಿಗ್ಗೆ ಬೈಬಲಿನ ಮೇಲೆ ಹೇಳಿದ್ದಕ್ಕಿಂತ ಇದು ಸಲೀಸಾಗಿ ಬಂತು.

"ದೇವರು ದೊಡ್ಡವ! ಮಾಂಯ್ ಕಾಪಾಡಿದ್ಲು. ರೋಸಲಿನ್ ಹತ್ರ ಕೊಡು, ರೋಸಲಿನ್ ಹತ್ರ ಕೊಡು."

ರೋಸಲಿನ್ ಫೋನು ತೆಗೆದುಕೊಂಡಳು. "ಹ್ಞಾಂ ಭಾವ. ಹ್ಞಾಂ." ನೊರ್ಬರ್ಟ್, ಚಳಿಯ ಕೋಟುಗಳನ್ನು ಅಲ್ಲಿ ತಗೊಳ್ಳಬೇಡಿ, ಅಲ್ಲಿಯ ಕೋಟು ಇಲ್ಲಿಯ ಚಳಿಗೆ ಯಾವ ಮೂಲೆಗೂ ಸಾಲದು, ಇಲ್ಲಿ ಈಗಲೇ ಕಡಿಮೆ ಬೆಲೆಗೆ ಸಿಗುತ್ತದೆ, ಇವತ್ತೇ ಹೋಗಿ ತೆಗೆದಿಡುತ್ತೇನೆ, ಐವಿಯ ಅಳತೆ ಹೇಳು ಎನ್ನುತ್ತಿದ್ದ. ಹಸೈನಾರ್ ಗಿರಾಕಿಗೆ ಸಕ್ಕರೆ ತೂಗುತ್ತ ಇತ್ತ ನೋಡಿ ನಕ್ಕ.

ರೋಸಲಿನ್ ಫೋನನ್ನು ಕೆನ್ನೆಗೂ ಹೆಗಲಿಗೂ ನಡುವೆ ಒತ್ತಿಕೊಂಡು ಮಗಳನ್ನು ಹತ್ತಿರ ಎಳೆದಳು. ಕೈ ಚಾಚು ಅಂದಳು. ಐವಿ ನಗುತ್ತ ಚಾಚಿದಳು. ರೋಸಲಿನ್ ಹೆಗಲಿನಿಂದ ಮಣಿಕಟ್ಟಿನವರೆಗೆ ಗೇಣು ಹಾಕಿದಳು. ಲೆಕ್ಕ ತಪ್ಪಿತೆಂದು ಇನ್ನೊಮ್ಮೆ ಹಾಕಿದಳು.

"ಸ್ವಲ್ಪ ದೊಡ್ಡದೇ ತೆಗೀರಿ ಭಾವ," ಅಂದಳು. "ಬೆಳೀತಾಳೆ."